ವಾರಕ್ಕೆ ಬಿಟ್ಟ ಕುರಿ

ಹೋದ ತಿಂಗಳು ನನಗೂ ನನ್ನ ಗೆಳೆಯನಿಗೂ ಒಂದು ಟರ್ಮ್ ಶೀಟ್ ಬಂತು. ಟರ್ಮ್ ಶೀಟ್ ಅಂದ್ರೆ ಗೊತ್ತಲ್ಲ, 'ನಿಮ್ಮ ಕಂಪನಿಗೆ ಇಷ್ಟು ದುಡ್ಡು ಹಾಕ್ತೀವಿ, ಬದಲಿಗೆ ಇಷ್ಟು ಪಾಲು ಕೊಡಿ, ಇವಿವು ಷರತ್ತು' ಅಂತ ಹೂಡಿಕೆದಾರರು ಕಳಿಸೋ ಕಾಗದ. ಹನ್ನೆರಡು ಪುಟ. ಎಚ್ಎಸ್ಆರ್ ಲೇಔಟ್‌ನ ಒಂದು ಕಾಫಿ ಅಂಗಡಿಯಲ್ಲಿ ಕೂತು ಮೂರು ಸಲ ಓದಿದ್ವಿ. ಲಿಕ್ವಿಡೇಷನ್ ಪ್ರಿಫರೆನ್ಸ್ ಅನ್ನೋ ಕಡೆ ಬಂದು ಮೂರೂ ಸಲ ನಿಂತ್ವಿ. ಕಂಪನಿ ಮುಚ್ಚಿದ್ರೆ ಅಥವಾ ಮಾರಿದ್ರೆ, ಬಂದ ದುಡ್ಡಿನಲ್ಲಿ ಮೊದಲು ಹೂಡಿಕೆದಾರರ ಅಸಲು ಅವರಿಗೆ ವಾಪಸ್ ಹೋಗಬೇಕು, ಉಳಿದದ್ದಷ್ಟೇ ಹಂಚಿಕೆ ಅಂತ ಅದರ ಅರ್ಥ.

ಆ ಭಾನುವಾರ ಊರಿಗೆ ಹೋಗಿದ್ದೆ. ನಮ್ಮದು ಕಡೂರು ತಾಲ್ಲೂಕಿನ ಸಿಂಗಟಗೆರೆ. ಅರಸೀಕೆರೆ ದಾಟಿ ಕಡೂರಿನ ಕಡೆ ಬರ್ತಾ ಹಸಿರು ಕಮ್ಮಿಯಾಗಿ ತೆಂಗಿನ ತೋಟ, ರಾಗಿ ಹೊಲ, ಮಧ್ಯೆ ಮಧ್ಯೆ ಬೋಳು ಬಯಲು ಕಾಣುತ್ತಲ್ಲ, ಆ ಸೀಮೆ. ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ಆಫೀಸಿನವರು 'ಓಹ್, ಕಾಫಿ ಎಸ್ಟೇಟಾ?' ಅಂತಾರೆ. ಹದಿನೈದು ವರ್ಷದಿಂದ ಇಲ್ಲ ಅಂತ ಹೇಳ್ತಾನೇ ಇದ್ದೀನಿ.

ಅಪ್ಪ ಜಗಲಿ ಮೇಲೆ ಕೂತಿದ್ರು. ಟರ್ಮ್ ಶೀಟಿನ ವಿಷಯ ಹೇಳಿದೆ. ಅವರಿಗೆ ಇಂಗ್ಲಿಷ್ ಬರಲ್ಲ, ಕಂಪನಿ ಕಾನೂನು ಗೊತ್ತಿಲ್ಲ. ಪೂರ್ತಿ ಕೇಳಿಸಿಕೊಂಡು, 'ಇದು ವಾರಕ್ಕೆ ಕುರಿ ಬಿಡೋದಲ್ವೇನೋ?' ಅಂದ್ರು.

ವಾರ ಅಂದ್ರೆ ಏಳು ದಿನದ ವಾರ ಅಲ್ಲ, ಪಾಲು. ಹೊಲಾನೂ ವಾರಕ್ಕೆ ಕೊಡ್ತಾರೆ, ಕುರೀನೂ ವಾರಕ್ಕೆ ಬಿಡ್ತಾರೆ. ನಮ್ಮ ತಾತ ಹತ್ತು ಹೆಣ್ಣು ಕುರಿ ತಂದು ಕುರಿ ಕಾಯೋ ಒಬ್ಬರ ಮಂದೆಗೆ ಸೇರಿಸ್ತಿದ್ರಂತೆ. ಮೇಯಿಸೋದು, ಮಳೆ ಚಳಿಯಲ್ಲಿ ಕಾಯೋದು, ರೋಗ ಬಂದ್ರೆ ಔಷಧಿ ಹಾಕೋದು ಎಲ್ಲ ಅವರ ಕೆಲಸ. ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಆದ್ರೆ ತಾಯಿಕುರಿ ಮಾತ್ರ ಕೊನೇವರೆಗೂ ಕೊಟ್ಟೋರದ್ದೇ. ವ್ಯವಹಾರ ಮುಗಿಸೋ ದಿನ ಮೊದಲು ತಾಯಿಕುರಿ ಎಣಿಸಿ ವಾಪಸ್ ಕೊಡಬೇಕು, ಆಮೇಲೆ ಮರಿ ಲೆಕ್ಕ. ಕುರಿ ಸತ್ತರೆ? ಚರ್ಮ ತಂದು ತೋರಿಸಬೇಕು. ತೋರಿಸಿದ್ರೆ ಮುಗೀತು, ಆ ನಷ್ಟ ಕುರಿ ಕೊಟ್ಟೋರದ್ದು. ಕಾದೋರ ಮೇಲೆ ಸಾಲ ಅಂತ ಬರಲ್ಲ.

ಹನ್ನೆರಡು ಪುಟ ಮೂರು ಸಲ ಓದಿ ಅರ್ಥ ಆಗದ್ದು ಜಗಲಿ ಮೇಲೆ ಅರ್ಧ ನಿಮಿಷದಲ್ಲಿ ಅರ್ಥ ಆಯ್ತು. ತಾಯಿಕುರಿ ಮೊದಲು ವಾಪಸ್ ಅನ್ನೋದೇ ಲಿಕ್ವಿಡೇಷನ್ ಪ್ರಿಫರೆನ್ಸ್, ಚರ್ಮ ತೋರಿಸೋದೇ ಆಡಿಟ್. ಮುಖ್ಯವಾದದ್ದು, ಇದು ಸಾಲ ಅಲ್ಲ. ಸೊಸೈಟಿಯಲ್ಲಿ ಸಾಲ ತಗೊಂಡು ಬೋರ್‌ವೆಲ್ ಕೊರೆಸಿ ನೀರು ಬರಲಿಲ್ಲ ಅಂದ್ರೆ ಸಾಲ ಹಾಗೇ ಇರುತ್ತೆ, ಬಡ್ಡಿ ಬೆಳೀತಾ ಇರುತ್ತೆ. ವಾರದ ಕುರಿ ಸತ್ತರೆ ಬೆಳಗ್ಗೆ ಎದ್ದು ಮುಖ ತೋರಿಸಬಹುದು.

ಆವತ್ತಿಂದ ತಲೇಲಿ ಕೊರೀತಾ ಇದ್ದ ಪ್ರಶ್ನೆ ಇದು. ನಮ್ಮ ರಾಜ್ಯದಲ್ಲಿ ಈ ಮೊದಲ ಕುರಿ, ಅಂದ್ರೆ ಸತ್ತರೆ ಸಾಯ್ಲಿ ಅಂತ ಹಾಕೋ ಮೊದಲ ದುಡ್ಡು, ಯಾರು ಯಾರು ಕೊಟ್ಟಿದ್ದಾರೆ? ಕೊಟ್ಟೋರು ಯಾರು ಅನ್ನೋದರ ಮೇಲೆ ಕಂಪನಿ ಹೇಗೆ ಬದಲಾಯ್ತು?

ವೆಂಚರ್ ಕ್ಯಾಪಿಟಲ್ ಅಂದ್ರೆ ಎಲ್ಲರೂ ಅಮೆರಿಕದಿಂದ ಶುರು ಮಾಡ್ತಾರೆ. 1946ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ಎಆರ್‌ಡಿ ಅನ್ನೋ ಸಂಸ್ಥೆ 1957ರಲ್ಲಿ ಡಿಜಿಟಲ್ ಇಕ್ವಿಪ್ಮೆಂಟ್ ಅನ್ನೋ ಕಂಪ್ಯೂಟರ್ ಕಂಪನಿಗೆ 70,000 ಡಾಲರ್ ಕೊಟ್ಟು ಶೇ 70ರಷ್ಟು ಪಾಲು ತಗೊಂಡ್ತು. ಅದು ಕೋಟಿಗಟ್ಟಲೆ ಡಾಲರ್ ಆಯ್ತು. ಎಆರ್‌ಡಿಯ ಬೇರೆ ಹೂಡಿಕೆಗಳ ಹೆಸರು ಇವತ್ತು ಯಾರಿಗೂ ನೆನಪಿಲ್ಲ, ಆ ಒಂದು ಕುರಿ ಇಡೀ ಮಂದೆಯ ಲೆಕ್ಕ ಸರಿಮಾಡ್ತು. ಇವತ್ತಿಗೂ ಹೂಡಿಕೆದಾರರ ತಲೇಲಿ ಇರೋದು ಇದೇ ಗಣಿತ. ಹತ್ತರಲ್ಲಿ ಏಳೆಂಟು ಸತ್ತರೂ ಪರವಾಗಿಲ್ಲ, ಒಂದು ಆನೆಯಷ್ಟು ಬೆಳೀಬೇಕು. ಕುರಿ ಕುರಿಯಷ್ಟೇ ಬೆಳೆದು ಆರೋಗ್ಯವಾಗಿದ್ರೆ ಅವರಿಗೆ ಖುಷಿ ಇಲ್ಲ. ಇಲ್ಲೇ ನಮ್ಮ ತಾತನಿಗೂ ಅವರಿಗೂ ವ್ಯತ್ಯಾಸ.

ಆದ್ರೆ ನಮ್ಮ ಕಥೆ ಬಾಸ್ಟನ್‌ಗಿಂತ ಹಳೇದು, ಮನೆಗೂ ಹತ್ತಿರ. ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದ್ರೆ ತರೀಕೆರೆ ದಾಟಿ ಭದ್ರಾವತಿ ಬರುತ್ತೆ. ಚಿಕ್ಕವನಿದ್ದಾಗ ಕಾರ್ಖಾನೆ ಕಾಣ್ತಾ ಇದ್ದ ಹಾಗೆ ಕಿಟಕಿಗೆ ಮುಖ ಒತ್ತಿ ನೋಡ್ತಿದ್ದೆ. ಅದೊಂದು ಸ್ಟಾರ್ಟಪ್ ಆಗಿತ್ತು ಅಂತ ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ.

ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರು ಇತ್ತು, ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಲ್ಲೇ ಇತ್ತು. ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಕಾಡಿನ ಮರ ಸುಟ್ಟು ಇದ್ದಿಲು ಮಾಡಿ, ಅದರಲ್ಲಿ ಕಬ್ಬಿಣ ಕರಗಿಸೋಣ, ಮರದ ಹೊಗೆಯಿಂದ ಬರೋ ರಾಸಾಯನಿಕಗಳನ್ನೂ ಹಿಡಿದು ಮಾರೋಣ ಅಂತ ಯೋಜನೆ. ಆವತ್ತಿನ ಮಟ್ಟಿಗೆ ಇದು ದೊಡ್ಡ ಜೂಜು. ದುಡ್ಡು ಹಾಕಿದ್ದು ಸರ್ಕಾರ, ಅಂದ್ರೆ ಕಂದಾಯ ಕಟ್ಟಿದ ನಮ್ಮ ಮುತ್ತಾತಂದಿರು. 1923ರಲ್ಲಿ ಉತ್ಪಾದನೆ ಶುರುವಾಗೋ ಹೊತ್ತಿಗೆ ಅಂದಾಜಿಗಿಂತ ಖರ್ಚು ಹೆಚ್ಚಾಗಿತ್ತು, ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಬಿಳಿ ಆನೆ ಸಾಕ್ತಿದ್ದಾರೆ, ಮುಚ್ಚಿ ಅಂತ ಗಲಾಟೆ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನ ಆ ವರ್ಷವೇ ಕರೆದು ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರನ್ನಾಗಿ ಮಾಡಿದ್ರು. ಅವರು ಖರ್ಚು ಕಡಿದರು, ಕೆಲಸ ಬಿಗಿಮಾಡಿದ್ರು, 1929ರವರೆಗೆ ಅಲ್ಲಿದ್ರು. ಕಾರ್ಖಾನೆ ಉಳೀತು.

ಇದನ್ನ ಇವತ್ತಿನ ಭಾಷೆಗೆ ಹಾಕಿ ನೋಡಿ. ಫೌಂಡರ್ ಬಿಟ್ಟುಹೋಗಿದ್ದಾರೆ, ಮಾರುಕಟ್ಟೆ ಕುಸಿದಿದೆ, ಬರ್ನ್ ಜಾಸ್ತಿ ಇದೆ. ಕೋರಮಂಗಲದಲ್ಲಾಗಿದ್ರೆ ಹದಿನೆಂಟು ತಿಂಗಳಲ್ಲಿ ಬಾಗಿಲು ಮುಚ್ಚಿ ಲಿಂಕ್ಡ್‌ಇನ್‌ನಲ್ಲಿ ಒಂದು ಭಾವುಕ ಪೋಸ್ಟ್ ಬರ್ತಿತ್ತು. ಮೈಸೂರು ಸರ್ಕಾರಕ್ಕೆ ಹತ್ತು ವರ್ಷದಲ್ಲಿ ದುಡ್ಡು ವಾಪಸ್ ಕೊಡಬೇಕಾದ ಯಜಮಾನರು ಇರಲಿಲ್ಲ. ಹಾಗಾಗಿ ಕಾಯೋಕೆ ಆಯ್ತು. ಇದರ ಇನ್ನೊಂದು ಮುಖಾನೂ ಹೇಳಬೇಕು. ಆ ಇದ್ದಿಲಿಗೆ ಎಷ್ಟು ಕಾಡು ಹೋಯ್ತು ಅನ್ನೋದು ಯಾರ ಲಾಭ ನಷ್ಟದ ಪಟ್ಟಿಯಲ್ಲೂ ಬರಲಿಲ್ಲ. ಉತ್ಪಾದನೆ ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಆಗಿನ ಒಡೆಯರಾದ ಸೈಲ್ ಸಂಸ್ಥೆ ಕಾರ್ಖಾನೆ ಮುಚ್ಚೋ ತೀರ್ಮಾನ ತಗೊಂಡಾಗ ಭದ್ರಾವತಿಯಲ್ಲಿ ಕಾರ್ಮಿಕರು ಬೀದಿಗಿಳಿದರು. ನೂರು ವರ್ಷ ಅನ್ನ ಹಾಕಿದ ಸ್ಟಾರ್ಟಪ್ ನಮ್ಮಲ್ಲಿ ಇನ್ನೆಷ್ಟಿವೆ?

1940ರ ಡಿಸೆಂಬರ್‌ನಲ್ಲಿ ಇದೇ ಆಟ ಇನ್ನೊಂದು ಸಲ ನಡೀತು. ವಾಲ್‌ಚಂದ್ ಹೀರಾಚಂದ್ ಅನ್ನೋ ಮುಂಬೈ ಕಡೆಯ ಉದ್ಯಮಿ ವಿಮಾನ ಕಾರ್ಖಾನೆ ಮಾಡ್ತೀನಿ ಅಂತ ಜಾಗ ಹುಡುಕ್ತಿದ್ದಾಗ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ನೂರಾರು ಎಕರೆ ಜಮೀನು ಕೊಟ್ಟು 25 ಲಕ್ಷ ರೂಪಾಯಿ ಪಾಲು ಹಾಕ್ತು. ಅದೇ ಇವತ್ತಿನ ಎಚ್‌ಎಎಲ್. ನೀವು ಮಾರತ್ತಹಳ್ಳಿ ಟ್ರಾಫಿಕ್‌ನಲ್ಲಿ ಬೈಕೊಂಡು ನಿಲ್ಲೋ ರಸ್ತೆಯ ಹೆಸರು.

ಈಗ ಸಾಫ್ಟ್‌ವೇರ್‌ಗೆ ಬರೋಣ. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಇನ್ಫೋಸಿಸ್ ಶುರು ಮಾಡಿದ್ದು, ಸುಧಾ ಮೂರ್ತಿಯವರು 10,000 ರೂಪಾಯಿ ಕೊಟ್ಟದ್ದು, 1983ರಲ್ಲಿ ಬೆಂಗಳೂರಿಗೆ ಬಂದದ್ದು ನಿಮಗೆ ಬಾಯಿಪಾಠ ಆಗಿರುತ್ತೆ. ಮನೆಯಲ್ಲಿ ಹಣ ಕೂಡಿಟ್ಟಿದ್ದ ಹೆಂಡತಿಯೇ ಅಲ್ಲಿನ ಮೊದಲ ಹೂಡಿಕೆದಾರರು. ಇದನ್ನ ಪ್ರೇಮಕಥೆಯ ಹಾಗೆ ಹೇಳೋದು ರೂಢಿಯಾಗಿದೆ, ನನಗೆ ಮಾತ್ರ ಅದರಲ್ಲಿ ಕಾಣೋದು ಬೇರೆ ದಾರಿಯೇ ಇರಲಿಲ್ಲ ಅನ್ನೋದು. ಬ್ಯಾಂಕಿಗೆ ಹೋದ್ರೆ ಅಡಮಾನ ಕೇಳೋರು. ಸಾಫ್ಟ್‌ವೇರ್ ಅಡ ಇಡೋದು ಹೇಗೆ? ಕಂಪ್ಯೂಟರ್ ತರಿಸೋಕೆ ದೆಹಲಿಗೆ ಅಲೆದು ಲೈಸೆನ್ಸ್ ಪಡೀಬೇಕಿತ್ತು. ಕಂಪ್ಯೂಟರ್ ಸಿಗದೆ ಸಾಫ್ಟ್‌ವೇರ್ ಕಂಪನಿ ನಡೆಸಿದ ಆ ವರ್ಷಗಳನ್ನ ಮರೀಬೇಡಿ, ಆಮೇಲೆ ಬೇಕಾಗುತ್ತೆ.

ಅವರು ಆಗ ಮಾಡಿದ್ದು ಸರಳ. ಗಿರಾಕಿಯ ಕಂಪ್ಯೂಟರ್ ಇರೋ ಕಡೆ ತಾವೇ ಹೋದ್ರು. ಮೊದಲ ಕುರಿ ಕೊಟ್ಟೋರು ಯಾರೂ ಇಲ್ಲದಿದ್ದಾಗ ಗಿರಾಕಿ ಕೊಟ್ಟ ಸಂಬಳವೇ ಬಂಡವಾಳ ಆಯ್ತು. ಬೆಂಗಳೂರಿನ ಐಟಿ ಹುಟ್ಟಿದ್ದು ಹೀಗೆ, ಅದರ ಸ್ವಭಾವಾನೂ ಇದೇ ಆಯ್ತು. ಹೊಸ ವಸ್ತು ಮಾಡಿ ಮಾರೋದಕ್ಕಿಂತ ತಿಂಗಳ ಬಿಲ್ ಬರೋ ಕೆಲಸ ಮಾಡೋದು. ನಮ್ಮವರಿಗೆ ಧೈರ್ಯ ಇಲ್ಲ, ಬರೀ ಕೂಲಿ ಮಾಡ್ತಾರೆ ಅಂತ ಬೈಯೋರು ಇದನ್ನ ನೆನಪಿಡಬೇಕು. ಸತ್ತರೆ ಸಾಯ್ಲಿ ಅನ್ನೋ ದುಡ್ಡು ಇಲ್ಲದ ಊರಲ್ಲಿ ಸಾಯದ ಕೆಲಸವನ್ನೇ ಜನ ಆರಿಸಿಕೊಳ್ತಾರೆ.

1988ರಲ್ಲಿ ಮೊದಲ ಸಲ ಆ ದುಡ್ಡು ಬೆಂಗಳೂರಿಗೆ ಬಂತು. ಐಸಿಐಸಿಐ ಮತ್ತು ಯುಟಿಐ ಸೇರಿ ಟಿಡಿಐಸಿಐ ಅನ್ನೋ ಸಂಸ್ಥೆ ಮಾಡಿದ್ರು. ದೇಶದ ಮೊದಲ ವೆಂಚರ್ ಕ್ಯಾಪಿಟಲ್ ಸಂಸ್ಥೆಗಳಲ್ಲಿ ಒಂದು, ಅದೂ ಮುಂಬೈನಲ್ಲಲ್ಲ, ಇಲ್ಲಿ. ಆ ಕಾಲದ ಹೂಡಿಕೆಯಲ್ಲಿ ಷರತ್ತಿನ ಸಾಲ ಅಂತ ಒಂದಿತ್ತು. ಬಡ್ಡಿ ಇಲ್ಲ. ಕಂಪನಿ ಮಾರಾಟ ಶುರು ಮಾಡಿದ ಮೇಲೆ ಮಾರಿದ್ದರಲ್ಲಿ ಇಷ್ಟು ಪಾಲು ರಾಯಲ್ಟಿ ಅಂತ ಕೊಡಬೇಕು. ಮಾರಾಟವೇ ಆಗಲಿಲ್ಲ ಅಂದ್ರೆ ಕೊಡೋದಿಲ್ಲ. ಇದಂತೂ ಹೊಲವನ್ನ ವಾರಕ್ಕೆ ಕೊಟ್ಟ ಹಾಗೇ. ಬೆಳೆ ಬಂದ್ರೆ ಪಾಲು, ಬರದಿದ್ರೆ ಇಬ್ಬರಿಗೂ ಇಲ್ಲ. ಇದನ್ನ ಓದಿದಾಗ ಇದ್ಯಾಕೆ ಕಳೆದುಹೋಯ್ತು ಅಂತ ಬೇಜಾರಾಯ್ತು. ಆನೆ ಆಗದೆ ಕುರಿಯಾಗೇ ಉಳಿಯೋ ಕಂಪನಿಗೆ ಇದಕ್ಕಿಂತ ಒಳ್ಳೆ ದುಡ್ಡು ನನಗೆ ಕಾಣಲ್ಲ.

1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಜನರ ಹತ್ರ ದುಡ್ಡು ಕೇಳ್ತು. ಷೇರಿಗೆ 95 ರೂಪಾಯಿ. ಇವತ್ತು ಕೇಳಿದ್ರೆ ನಂಬಲ್ಲ, ಆ ಷೇರು ಪೂರ್ತಿ ಮಾರಾಟ ಆಗಲಿಲ್ಲ. ಮಾರ್ಗನ್ ಸ್ಟಾನ್ಲಿ ಬಂದು ಶೇ 13ರಷ್ಟು ತಗೊಂಡು ಕೈ ಹಿಡೀತು. ನಮ್ಮ ಜನಕ್ಕೆ ಆಗಿನ್ನೂ ಈ ಕುರಿಯ ಜಾತಿ ಗೊತ್ತಿರಲಿಲ್ಲ.

ಅಲ್ಲಿಂದ 2007ಕ್ಕೆ ಹಾರಿದ್ರೆ ಏನೂ ಕಳಕೊಳ್ಳಲ್ಲ, ಮಧ್ಯೆ ಡಾಟ್‌ಕಾಂ ಬಂತು, ಹೋಯ್ತು. ಆ ವರ್ಷ ಕೋರಮಂಗಲದಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಕೈಯಿಂದ 4 ಲಕ್ಷ ರೂಪಾಯಿ ಹಾಕಿ ಪುಸ್ತಕ ಮಾರೋಕೆ ಫ್ಲಿಪ್‌ಕಾರ್ಟ್ ಶುರು ಮಾಡಿದ್ರು. 2009ರಲ್ಲಿ ಆಕ್ಸೆಲ್ 10 ಲಕ್ಷ ಡಾಲರ್ ಹಾಕ್ತು. ಅದಾದ ಮೇಲೆ ಟೈಗರ್ ಗ್ಲೋಬಲ್, ಆಮೇಲೆ ಇನ್ನೂ ಹಲವರು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ 77ರಷ್ಟು ಕೊಂಡ್ತು.

ಇಲ್ಲಿ ಒಂದು ಹೊಸ ಅಭ್ಯಾಸ ಹುಟ್ಟಿತು. ನಷ್ಟ ಮಾಡ್ಕೊಂಡೇ ಬೆಳೀಬೇಕು, ಬೆಳೆದಷ್ಟೂ ಇನ್ನೊಬ್ಬರು ಇನ್ನೂ ಹೆಚ್ಚು ದುಡ್ಡು ಹಾಕ್ತಾರೆ. ಯಾಕೆ ಅಂದ್ರೆ ಈ ಸಲ ಕುರಿ ಕೊಟ್ಟೋರು ಭದ್ರಾವತಿಯ ಸರ್ಕಾರ ಅಲ್ಲ, ಮನೆಯವರೂ ಅಲ್ಲ. ವೆಂಚರ್ ಫಂಡ್ ನಡೆಸೋರದ್ದೂ ಅದು ಸ್ವಂತ ದುಡ್ಡಲ್ಲ. ಎಲ್ಲೋ ಅಮೆರಿಕದ ಒಂದು ಪಿಂಚಣಿ ನಿಧಿ, ಒಂದು ವಿಶ್ವವಿದ್ಯಾಲಯದ ದತ್ತಿ ಹಣ, ಇಂಥದ್ದನ್ನ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಅಂತ ತಂದಿರ್ತಾರೆ. ನೋಡಿಕೊಂಡಿದ್ದಕ್ಕೆ ವರ್ಷಕ್ಕೆ ಸುಮಾರು ಶೇ 2 ಶುಲ್ಕ, ಲಾಭದಲ್ಲಿ ಸುಮಾರು ಶೇ 20 ಪಾಲು. ಅಂದ್ರೆ ಅವರೂ ವಾರಕ್ಕೆ ಕುರಿ ತಂದೋರೇ! ತಂದ ಕುರಿಯನ್ನ ನಮಗೆ ಒಳವಾರಕ್ಕೆ ಬಿಡ್ತಾರೆ. ಹತ್ತನೇ ವರ್ಷ ಅವರೂ ಯಾರದೋ ಮುಂದೆ ನಿಂತು ಎಣಿಸಿ ಕೊಡಬೇಕು. ನಮ್ಮ ಮೇಲೆ ಬೀಳೋ ಅವಸರ ಅಲ್ಲಿಂದ ಹರಿದು ಬಂದದ್ದು.

ಈ ಅವಸರ ನನಗೂ ತಟ್ಟಿದೆ. 2021ರಲ್ಲಿ ಒಂದು ಸ್ಟಾರ್ಟಪ್ ಸೇರಿದ್ದೆ. ಹೆಸರು ಬೇಡ. ಸಂಬಳದಲ್ಲಿ ಒಂದು ಭಾಗದ ಬದಲು ಷೇರು ಕೊಟ್ಟಿದ್ರು, ಕಾಗದದ ಮೇಲೆ ಅದರ ಬೆಲೆ ನೋಡಿ ಊರಲ್ಲಿ ಎರಡು ಎಕರೆ ತೋಟ ತಗೊಳ್ಳೋ ಲೆಕ್ಕ ಹಾಕಿದ್ದೆ. ಅಮ್ಮನಿಗೂ ಹೇಳಿಬಿಟ್ಟಿದ್ದೆ. ಎರಡು ವರ್ಷಕ್ಕೆ ಕಂಪನಿ ಸಣ್ಣ ಮೊತ್ತಕ್ಕೆ ಬೇರೆಯವರ ಪಾಲಾಯ್ತು. ಮೊದಲು ತಾಯಿಕುರಿ ಹೋಯ್ತು. ಮರಿ ಉಳೀಲೇ ಇಲ್ಲ. ವಿಷಯ ತಿಳಿದದ್ದು ಒಂದು ಸೋಮವಾರ, ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ. ಮೋಸ ಯಾರೂ ಮಾಡಲಿಲ್ಲ, ಎಲ್ಲ ಒಪ್ಪಂದದಲ್ಲಿ ಬರೆದದ್ದೇ. ನಾನು ಓದಿರಲಿಲ್ಲ ಅಷ್ಟೆ. ತೋಟ ಏನಾಯ್ತು ಅಂತ ಅಮ್ಮ ಇವತ್ತಿನವರೆಗೂ ಕೇಳಿಲ್ಲ.

ಈಗ ಎಐ ಕಾಲ. ಇದರಲ್ಲಿ ಬೆಂಗಳೂರಿನ ಮುಖ್ಯ ಕಥೆ ಸರ್ವಂ. ಆಧಾರ್ ಕಟ್ಟೋದರಲ್ಲಿ ದುಡಿದ ವಿವೇಕ್ ರಾಘವನ್, ಐಐಟಿ ಮದ್ರಾಸಿನಲ್ಲಿ ಎಐ4ಭಾರತ್ ಅನ್ನೋ ಭಾಷಾ ಸಂಶೋಧನಾ ಗುಂಪು ಕಟ್ಟಿದವರಲ್ಲಿ ಒಬ್ಬರಾದ ಪ್ರತ್ಯುಷ್ ಕುಮಾರ್, ಇಬ್ಬರೂ 2023ರಲ್ಲಿ ಶುರು ಮಾಡಿದ್ದು. ಅದೇ ಡಿಸೆಂಬರ್‌ನಲ್ಲಿ ಲೈಟ್‌ಸ್ಪೀಡ್ ಮುಂದಾಳತ್ವದಲ್ಲಿ ಪೀಕ್ ಫಿಫ್ಟೀನ್, ಖೋಸ್ಲಾ ವೆಂಚರ್ಸ್ ಸೇರಿ 4.1 ಕೋಟಿ ಡಾಲರ್ ಹಾಕಿದ ಸುದ್ದಿ ಬಂತು, ಸುಮಾರು 340 ಕೋಟಿ ರೂಪಾಯಿ. ಗಮನಿಸಿ, ಅದಕ್ಕೂ ಮುಂಚೆ ಒಂದು ಕುರಿ ಇತ್ತು. 2022ರಲ್ಲಿ ಎಐ4ಭಾರತ್‌ಗೆ ನಂದನ್ ನಿಲೇಕಣಿ ಮತ್ತು ರೋಹಿಣಿ ನಿಲೇಕಣಿಯವರ ದತ್ತಿ ಸಂಸ್ಥೆ 36 ಕೋಟಿ ರೂಪಾಯಿ ಕೊಟ್ಟಿತ್ತು, ವಾಪಸ್ ಕೇಳದ ದುಡ್ಡು. 1981ರ ಆ ಏಳು ಜನರಲ್ಲಿ ಒಬ್ಬರ ಗಳಿಕೆ ನಲವತ್ತು ವರ್ಷ ಸುತ್ತಿ ಕನ್ನಡ, ತಮಿಳು, ಬಂಗಾಳಿಯ ದತ್ತಾಂಶ ಕೂಡಿಸೋ ಕೆಲಸಕ್ಕೆ ಬಂತು. ಓಲಾದ ಭವಿಶ್ ಅಗರ್ವಾಲ್ ಅವರ ಕೃತ್ರಿಮ್ ಕೂಡ 2023ರ ಡಿಸೆಂಬರ್‌ನಲ್ಲೇ ವೇದಿಕೆಗೆ ಬಂದು, 2024ರ ಜನವರಿಗೆ 5 ಕೋಟಿ ಡಾಲರ್ ಪಡೆದು 100 ಕೋಟಿ ಡಾಲರ್ ಬೆಲೆಯ ಕಂಪನಿ ಅನ್ನಿಸಿಕೊಳ್ತು. ಒಂದೇ ತಿಂಗಳು. ಕುರಿ ಗಬ್ಬ ಆಗೋಕೂ ಇದಕ್ಕಿಂತ ಜಾಸ್ತಿ ಟೈಮ್ ಬೇಕು.

ಹೊರಗಿಂದ ನೋಡಿದ್ರೆ ಇದು ಫ್ಲಿಪ್‌ಕಾರ್ಟ್ ಕಾಲದ ಮುಂದುವರಿಕೆ ಅನ್ನಿಸುತ್ತೆ. ಅಲ್ಲ. ಒಂದು ಮೂಲ ಲೆಕ್ಕವೇ ಬದಲಾಗಿದೆ, ಅದನ್ನ ಹೇಳೋಕೆ ನಮ್ಮೂರಿನ ಕಡೆಯ ಕಾವಲಿಗೆ ಹೋಗಬೇಕು.

ಕಾವಲು ಅಂದ್ರೆ ಹುಲ್ಲುಗಾವಲು. ಬೀರೂರು, ಅಜ್ಜಂಪುರದ ಸುತ್ತ ಅಮೃತ್ ಮಹಲ್ ಕಾವಲುಗಳಿವೆ. ಮೈಸೂರು ಅರಸರ ಕಾಲದಲ್ಲಿ ಸೈನ್ಯದ ಫಿರಂಗಿ ಎಳೆಯೋ ಎತ್ತುಗಳನ್ನ ಸಾಕೋಕೆ ಅಂತ ಮೀಸಲಿಟ್ಟ ನೆಲ. ಅಜ್ಜಂಪುರದಲ್ಲಿ ಇವತ್ತಿಗೂ ಆ ತಳಿ ಸಾಕೋ ಕೇಂದ್ರ ಇದೆ. ಕುರಿ ವಾರದ ಲೆಕ್ಕ ನಡೀತಿದ್ದದ್ದು ಒಂದು ನಂಬಿಕೆ ಮೇಲೆ: ಹುಲ್ಲಿಗೆ ಕಾಸಿಲ್ಲ. ಊರ ಗೋಮಾಳ, ಕುಯ್ಲಾದ ಹೊಲ, ಕೆರೆ ಅಂಗಳ, ಎಲ್ಲ ಬಿಟ್ಟಿ. ಬೇಸಿಗೆಯಲ್ಲಿ ಭದ್ರಾ ನಾಲೆಯ ಕಡೆ ಹೋದ್ರೆ ಗದ್ದೆಯಲ್ಲಿ ಮಂದೆ ನಿಲ್ಲಿಸಿದ್ದಕ್ಕೆ, ಗೊಬ್ಬರ ಬೀಳುತ್ತೆ ಅಂತ, ಅವರೇ ಭತ್ತ ಕೊಡೋರು. ಹುಲ್ಲಿಗೆ ದಿನಕ್ಕಿಷ್ಟು ಅಂತ ಕುರಿಗೊಂದು ಬಾಡಿಗೆ ಬಂದಿದ್ರೆ ಅರ್ಧ ಮರಿಯ ಲೆಕ್ಕ ಯಾರಿಗೂ ಗಿಟ್ಟುತ್ತಿರಲಿಲ್ಲ.

ಮುಂಚಿನ ಸಾಫ್ಟ್‌ವೇರ್‌ಗೂ ಹುಲ್ಲು ಹೆಚ್ಚುಕಮ್ಮಿ ಬಿಟ್ಟಿ. ಒಂದು ಸಲ ಬರೆದ ಆ್ಯಪ್ ಅನ್ನ ಸಾವಿರ ಜನ ಬಳಸಿದ್ರೂ ಲಕ್ಷ ಜನ ಬಳಸಿದ್ರೂ ಪ್ರತಿಯೊಬ್ಬರ ಮೇಲೆ ಬೀಳೋ ಖರ್ಚು ಪೈಸೆಗಳಲ್ಲಿ. ಹೂಡಿಕೆಯ ದುಡ್ಡು ಹೋಗ್ತಿದ್ದದ್ದು ನಮ್ಮಂಥೋರ ಸಂಬಳಕ್ಕೆ ಮತ್ತು ಜಾಹೀರಾತಿಗೆ. ಎಐನಲ್ಲಿ ಪ್ರತಿ ಪ್ರಶ್ನೆಗೂ ಒಂದು ದುಬಾರಿ ಚಿಪ್ ಓಡಬೇಕು. ಎನ್‌ವಿಡಿಯಾದ ಎಚ್100 ಅನ್ನೋ ಜಿಪಿಯು ಒಂದಕ್ಕೇ 20 ಲಕ್ಷ ರೂಪಾಯಿಗೂ ಮೇಲೆ. ಮಾದರಿಯನ್ನ ಮೊದಲಿಂದ ಕಲಿಸಬೇಕಾದ್ರೆ ಅಂಥವು ಸಾವಿರಾರು. ನಮ್ಮಂಥೋರಿಗೆ ಗಂಟೆ ಬಾಡಿಗೆಗೆ ಸಿಗುತ್ತೆ. ಕೋಡ್ ಬರೆಯೋಕೆ ಈಗ ಎಐ ಇದೆ, ಹತ್ತು ಜನರ ಕೆಲಸ ಮೂರು ಜನ ಮಾಡ್ತಾರೆ, ಹಾಗಾಗಿ ಕಂಪನಿ ಶುರು ಮಾಡೋದು ಅಗ್ಗ ಅಂತ ಎಲ್ಲ ಕಡೆ ಭಾಷಣ ಕೇಳ್ತೀರಿ. ಅರ್ಧ ನಿಜ. ಕುರಿ ಕಾಯೋರ ಕೂಲಿ ಇಳಿದಿದೆ, ಹುಲ್ಲಿನ ಬಾಡಿಗೆ ಏರಿದೆ. ಹೂಡಿಕೆದಾರರು ಹಾಕಿದ ದುಡ್ಡಿನಲ್ಲಿ ದೊಡ್ಡ ಪಾಲು ನಮ್ಮ ಖಾತೆಗೆ ಬಂದು, ಮೂಗು ತೂರಿಸಿ, ಹಾಗೇ ಕ್ಲೌಡ್ ಕಂಪನಿಗೆ, ಅಲ್ಲಿಂದ ಚಿಪ್ ಕಂಪನಿಗೆ ಹೋಗುತ್ತೆ. ಕುರಿ ಬದುಕಿದ್ರೂ ಸತ್ತರೂ ಹುಲ್ಲಿನವರಿಗೆ ಬಾಡಿಗೆ ಬಂದೇ ಬರುತ್ತೆ. 2019ರಲ್ಲಿ ಮೈಕ್ರೋಸಾಫ್ಟ್ ಓಪನ್‌ಎಐಗೆ 100 ಕೋಟಿ ಡಾಲರ್ ಹಾಕಿದಾಗಲೇ ಓಪನ್‌ಎಐ ತನ್ನ ಕೆಲಸವನ್ನೆಲ್ಲ ಮೈಕ್ರೋಸಾಫ್ಟ್‌ನ ಕ್ಲೌಡ್ ಮೇಲೇ ನಡೆಸೋದು ಅಂತ ಒಪ್ಪಂದ ಆಗಿತ್ತು. ಕುರಿ ಕೊಟ್ಟೋರೂ ಹುಲ್ಲಿನ ಒಡೆಯರೂ ಒಬ್ಬರೇ ಆದ ಮೇಲೆ ವಾರ ಅನ್ನೋ ಪದಕ್ಕೆ ಅರ್ಥ ಎಷ್ಟು ಉಳೀತು ನೀವೇ ನೋಡಿ.

ಕನ್ನಡಕ್ಕೆ ಇದು ಇನ್ನೂ ತುಟ್ಟಿ. ಮಾದರಿಗಳು ಬರಹವನ್ನ ಟೋಕನ್ ಅನ್ನೋ ಚೂರುಗಳಾಗಿ ಒಡೆದು ಓದುತ್ತವೆ, ಚೂರಿನ ಲೆಕ್ಕದಲ್ಲೇ ಬಿಲ್. ಇಂಗ್ಲಿಷ್ ಹೆಚ್ಚು ಓದಿ ಬೆಳೆದ ಮಾದರಿಗೆ ಒಂದು ಇಂಗ್ಲಿಷ್ ಪದ ಒಂದು ಅಥವಾ ಎರಡು ಚೂರು. 'ಸಿಂಗಟಗೆರೆಯಲ್ಲಿರೋರಿಗೆ' ಅನ್ನೋ ನಮ್ಮ ಒಂದು ಪದ ಪುಡಿಪುಡಿ ಆಗುತ್ತೆ. ಅಪ್ಪ ಒಂದು ಪ್ರಶ್ನೆ ಕೇಳಿದ್ರೆ ಅದೇ ಪ್ರಶ್ನೆ ಲಂಡನ್‌ನಲ್ಲಿ ಕೇಳಿದೋರಿಗಿಂತ ಹಲವು ಪಟ್ಟು ಹುಲ್ಲು ಬೇಕು, ಅಪ್ಪ ಕೊಡಬಲ್ಲ ದುಡ್ಡು ಅವರಿಗಿಂತ ಹಲವು ಪಟ್ಟು ಕಮ್ಮಿ. ಸರ್ವಂನಂಥವರು ಭಾರತೀಯ ಭಾಷೆಗೆ ಚೂರು ಕಮ್ಮಿ ಆಗೋ ಹಾಗೆ ತಮ್ಮದೇ ವಿಧಾನ ಕಟ್ಟಿದ್ದು ಇದಕ್ಕೇ. ಕೇಳೋಕೆ ಬಲು ಸಣ್ಣ ವಿಷಯ, ಇಡೀ ವ್ಯಾಪಾರ ನಿಂತಿರೋದು ಇದರ ಮೇಲೆ. 2025ರ ಮೇನಲ್ಲಿ ಅವರು ಫ್ರಾನ್ಸಿನ ಮಿಸ್ಟ್ರಲ್ ಮಾದರಿಯ ಮೇಲೆ ಕಟ್ಟಿದ ಸರ್ವಂ-ಎಂ ಬಿಟ್ಟಾಗ ಎರಡು ದಿನಕ್ಕೆ ಕೆಲವೇ ನೂರು ಜನ ಇಳಿಸಿಕೊಂಡ್ರು ಅಂತ ಟ್ವಿಟರ್‌ನಲ್ಲಿ ನಗಾಡಿದ್ರು. ಭದ್ರಾವತಿಗೆ ಬಿಳಿ ಆನೆ ಅಂದ ಹಾಗೆ. ನಗು ಪೂರ್ತಿ ತಪ್ಪು ಅಂತಾನೂ ಹೇಳಲ್ಲ, ಕೋಟಿಗಟ್ಟಲೆ ಡಾಲರ್ ಪಡೆದೋರನ್ನ ಜನ ಪ್ರಶ್ನೆ ಕೇಳಲೇಬೇಕು. ಆದ್ರೆ ಎರಡು ದಿನದ ಡೌನ್‌ಲೋಡ್ ನೋಡಿ ತೀರ್ಪು ಕೊಡೋದು ಬಿತ್ತಿದ ಮೂರನೇ ದಿನ ರಾಗಿ ಕಿತ್ತು ಬೇರು ನೋಡಿದ ಹಾಗೆ.

ಇಲ್ಲಿ ಕಥೆ ತಿರುಗಿ ಮನೆಗೆ ಬರುತ್ತೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 10,372 ಕೋಟಿ ರೂಪಾಯಿಯ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ಕೊಡ್ತು. ಸಾವಿರಾರು ಜಿಪಿಯುಗಳನ್ನ ಕೂಡಿಸಿ ಕಮ್ಮಿ ಬಾಡಿಗೆಗೆ ಕೊಡೋದು ಅದರ ದೊಡ್ಡ ಭಾಗ. 2025ರ ಏಪ್ರಿಲ್‌ನಲ್ಲಿ ದೇಶದ ಸ್ವಂತ ಭಾಷಾ ಮಾದರಿ ಕಟ್ಟೋಕೆ ಮೊದಲು ಆಯ್ಕೆಯಾದದ್ದು ಸರ್ವಂ, ಆರು ತಿಂಗಳಿಗೆ 4,096 ಎಚ್100 ಜಿಪಿಯು. ನೋಡಿ, ಕಂಪ್ಯೂಟರ್‌ಗೆ ದೆಹಲಿ ಬಾಗಿಲು ಕಾಯ್ತಿದ್ದ ಊರಿನವರು ನಲವತ್ತು ವರ್ಷಕ್ಕೆ ಮತ್ತೆ ಕಂಪ್ಯೂಟರ್‌ಗೆ ದೆಹಲಿ ಕಡೆ ನೋಡ್ತಿದ್ದೀವಿ. ಆಗ ತಡೀತಿದ್ದ ಸರ್ಕಾರ ಈಗ ಕೊಡ್ತಿದೆ, ಅಷ್ಟು ವ್ಯತ್ಯಾಸ. ಇದು ಸರ್ಕಾರಿ ಕಾವಲು. ಅಮೃತ್ ಮಹಲ್ ಕಾವಲಿನ ಕಥೆ ಗೊತ್ತಿರೋರಿಗೆ ಒಂದು ಭಯ ಇದ್ದೇ ಇರುತ್ತೆ. ಅದು ಅರಮನೆಯ ಎತ್ತಿಗೆ ಮೀಸಲಾಗಿತ್ತು, ಊರ ಕುರಿಗಲ್ಲ. 4,096ರಲ್ಲಿ ಒಂದು ಬೇಡ, ತಿಂಗಳಿಗೆ ಹತ್ತು ಗಂಟೆ ಸಿಕ್ಕರೆ ಸಾಕು ಅನ್ನೋ ನಮ್ಮಂಥ ಇಬ್ಬರ ಕಂಪನಿಗೆ ಆ ಬೇಲಿ ಎಷ್ಟು ಸುಲಭವಾಗಿ ತೆರೆಯುತ್ತೆ ಅನ್ನೋದರ ಮೇಲೆ ನನ್ನ ಅಭಿಪ್ರಾಯ ನಿಂತಿದೆ.

ಯಾರ ಕುರೀನೂ ಬೇಡ ಅಂದೋರೂ ಇದ್ದಾರೆ. ನಿತಿನ್ ಕಾಮತ್ 2010ರಲ್ಲಿ ಬೆಂಗಳೂರಿನಲ್ಲಿ ಜಿರೋಧಾ ಶುರು ಮಾಡಿ ಹೊರಗಿನ ಹೂಡಿಕೆ ಇಲ್ಲದೇ ಬೆಳೆಸಿದ್ರು. ನಾನೂ ಬಹಳ ದಿನ ಇದನ್ನೇ ಎಲ್ಲರಿಗೂ ಉದಾಹರಣೆ ಕೊಡ್ತಿದ್ದೆ. ಆದ್ರೆ ಷೇರು ದಲ್ಲಾಳಿ ಕೆಲಸದಲ್ಲಿ ಮೊದಲ ಗಿರಾಕಿಯಿಂದಲೇ ದುಡ್ಡು ಬರುತ್ತೆ. ಕೊಬ್ಬರಿ ಬೆಳೆಯೋರ ಜೊತೆ ಕನ್ನಡದಲ್ಲಿ ಮಾತಾಡೋ ಯಂತ್ರ ಮಾಡ್ತೀನಿ ಅಂದ್ರೆ ಮೊದಲ ದಿನದಿಂದಲೇ ದುಡ್ಡು ಹೋಗುತ್ತೆ.

ನಮ್ಮ ಕಂಪನಿ ಮಾಡೋದು ಅದೇ. ಫೋನ್ ಮಾಡಿದ್ರೆ ಕಡೂರು ಸೀಮೆಯ ಕನ್ನಡ ಅರ್ಥ ಮಾಡ್ಕೊಂಡು ತಿಪಟೂರು, ಅರಸೀಕೆರೆಯ ಕೊಬ್ಬರಿ ಧಾರಣೆ ಹೇಳೋದು, ಕುರಿಗೆ ಬಾಯಿ ಬಂದ್ರೆ ಹತ್ತಿರದ ಪಶು ವೈದ್ಯರು ಎಲ್ಲಿದ್ದಾರೆ ಹೇಳೋದು. ಹೂಡಿಕೆದಾರರ ಆಸೆ ಬೇರೆ ಇತ್ತು. ಸ್ವಂತ ಮಾದರಿ ಕಟ್ಟಿ, ಹನ್ನೊಂದು ಭಾಷೆಗೆ ಹೋಗಿ, ಕೊಡೋ ದುಡ್ಡಿನಲ್ಲಿ ಅರ್ಧಕ್ಕೂ ಮೇಲೆ ಜಿಪಿಯುಗೆ ಅಂತ ಕೋಷ್ಟಕದಲ್ಲಿ ಅವರೇ ತುಂಬಿ ಕಳಿಸಿದ್ರು. ಕರೆಯಲ್ಲಿ ಒಬ್ಬರು, 'ಕಡೂರು ಒಂದು ಮಾರ್ಕೆಟ್ಟಾ?' ಅಂತ ಕೇಳಿದ್ರು. ಸಿಟ್ಟು ಬಂತು, ಆಮೇಲೆ ಅವರ ಹತ್ತು ವರ್ಷದ ಲೆಕ್ಕ ನೆನೆದು ಇಳೀತು. ಅವರು ಹುಡುಕ್ತಿರೋದು ಆನೆ.

ಬುಧವಾರ ರಾತ್ರಿ ಉತ್ತರ ಬರೆದ್ವಿ. ಕೇಳಿದ ದುಡ್ಡಿನ ಮೂರನೇ ಒಂದು ಭಾಗ ಸಾಕು. ಸ್ವಂತ ಮಾದರಿ ಕಟ್ಟಲ್ಲ, ಮುಕ್ತವಾಗಿ ಸಿಗೋ ಮಾದರಿಗೇ ನಮ್ಮ ಸೀಮೆಯ ಮಾತು ಕಲಿಸ್ತೀವಿ. ಎರಡು ವರ್ಷ ಕನ್ನಡ ಒಂದೇ. ಪಾಲಿನ ಬದಲು ಮಾರಾಟದಲ್ಲಿ ಇಷ್ಟು ಅಂತ ರಾಯಲ್ಟಿ ತಗೊಳ್ಳೋಕೆ ಆಗುತ್ತಾ ಅಂತಾನೂ ಕೇಳಿದ್ವಿ, 1988ರ ಆ ಷರತ್ತಿನ ಸಾಲದ ವಿಷಯ ಒಂದು ಪ್ಯಾರಾ ಬರೆದು. ಗೆಳೆಯ, 'ಇತಿಹಾಸ ಎಲ್ಲ ಯಾಕೋ' ಅಂದ. ಇರಲಿ ಬಿಡು ಅಂದೆ. ಇನ್ನೂ ಉತ್ತರ ಬಂದಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೀಗ್ಹೀಗೆ ಬರೆದಿದ್ದೀವಿ ಅಂದೆ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಹಿಂದೆ ಅಮ್ಮ ಯಾರಿಗೋ ಕಾಯಿ ಎಣಿಸಿ ಕೊಡ್ತಿದ್ದದ್ದು ಕೇಳ್ತಿತ್ತು.

'ಆಯ್ತು. ಸತ್ರೆ ಚರ್ಮ ತೋರ್ಸಿದ್ರೆ ಸಾಕು ತಾನೆ? ಅದೊಂದು ಕಾಗದದಲ್ಲಿ ಇದೆಯಾ ನೋಡ್ಕೊ' ಅಂದ್ರು.